ನೂರ ಎಂಬತ್ತೈದು

ತಾರ್ತುವಿನಾಚೆ, ಬೀಜ ಕೇಂದ್ರದಲ್ಲಿ, ಆ ಚಳಿಗಾಲ
ರೂಬಲ್ ಹೋಗಿ ಕ್ರೂನ್ ಬಂದಿತ್ತು.
ಫಿನ್ಲೆಂಡಿನಲ್ಲಿ ಯಾರೋ ಬಳಸಿ ಬಿಟ್ಟ ಏಳು ಕಂಪ್ಯೂಟರು ಬಂದಿದ್ದವು,
ಜೊತೆಗೆ ಕರಿ ಕೇಬಲ್ಲಿನ ದೊಡ್ಡ ಸುರುಳಿ,
ಹೆಲ್ದುರ್ ಓದಿ ಓದಿ ಅಂಚು ಹರಿದ ಒಂದು ಕೈಪಿಡಿ.

ಅದು ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಿತ್ತು:
ಈ ತೆಳು ತಂತಿ, ತುದಿಯಿಂದ ತುದಿಗೆ,
ನೂರ ಎಂಬತ್ತೈದು ಮೀಟರ್. ಮೇಲೆ ಒಂದು ಗೇಣೂ ಬೇಡ.
ಎರಡು ಜೋಡಣೆಗಳ ನಡುವೆ ಅರ್ಧ ಮೀಟರಾದರೂ ಇರಲಿ.
ಎರಡೂ ಕೊನೆಗೆ ಐವತ್ತು ಓಮಿನ ಬಿರಡೆ,
ಇಲ್ಲವೋ, ಹೋದ ಮಾತು ತುದಿಗೆ ಬಡಿದು ವಾಪಸು ಬಂದು
ಹಿಂದೆ ಬರುವ ಮಾತಿನ ಹಲ್ಲು ಮುರಿಯುತ್ತದೆ.

ಹೆಲ್ದುರ್ ಅಂಗಳದ ಹಿಮದಲ್ಲಿ ಹೆಜ್ಜೆ ಹಾಕಿ ಅಳೆದ.
ನೂರ ಐವತ್ತು ಚಿಲ್ಲರೆ. ಧಾರಾಳ ಸಾಕು, ಅಂದ.
ನೆಲ ಅಳೆದಿದ್ದ, ಗೋಡೆ ಅಳೆದಿರಲಿಲ್ಲ.
ತಂತಿ ಪ್ರತಿ ಚೌಕಟ್ಟನ್ನೂ ಹತ್ತಿ ಇಳಿಯಬೇಕು,
ಪ್ರತಿ ಮೇಜಿಗೂ ಬಗ್ಗಬೇಕು, ಆಮೇಲೆ
ಓಸ್ವಾಲ್ಡನ ಬಾಯ್ಲರ್ ಕೋಣೆಗೆ ಪೂರಾ ಒಂದು ಸುತ್ತು ಬರಬೇಕು,
ಆ ಗೋಡೆಗೆ ಒಂದು ಮೊಳೆ ಹೊಡೆಯಲೂ ಮುದುಕ ಬಿಡ.
ಎಳೆದು ಮುಗಿಸಿದಾಗ ಇನ್ನೂರ ಮೂರು.

ಎರಡು ದಿನ ನಡೆಯಿತು ಕೂಡ. ನಾವು ಕೈಪಿಡಿಯನ್ನು ನೋಡಿ ನಕ್ಕೆವು.
ಮೂರನೆಯ ದಿನ ಲೈದಾ ನೆಲ ಒರೆಸಲು ಮೇಜು ಸರಿಸಿ
ಒಂದು ಗಂಟು ಬಿಚ್ಚಿಹೋಗಿ ಏಳೂ ಯಂತ್ರ ಒಟ್ಟಿಗೆ ಮೂಕ.
ಗಂಟು ಸಿಕ್ಕಿಸಿದೆವು, ಆರು ಮಾತಾಡಿದವು.
ಏಳನೆಯದು, ಉಗ್ರಾಣದಲ್ಲಿ ವಿರ್ವೆಯ ಮುಂದಿದ್ದದ್ದು,
ತಪ್ಪು ಅಕ್ಷರವನ್ನೂ ಕಳಿಸಲಿಲ್ಲ. ಬರುವುದೇ ನಿಂತಿತು.

ಮಾತನ್ನು ನಡುದಾರಿಯಲ್ಲಿ ಎತ್ತಿ ಮತ್ತೆ ಕೂಗುವ ರಿಪೀಟರ್ ಎಂಬ ಪೆಟ್ಟಿಗೆ
ನಾಲ್ಕು ತಿಂಗಳ ಸಂಬಳ.
ಹಾಗಾಗಿ ಹೆಚ್ಚಾದ ಹದಿನೆಂಟು ಮೀಟರಿನ ಸಾಲ ನನ್ನ ಕಾಲಿಗೆ ಬಿತ್ತು:
ರೈ, ಬಾರ್ಲಿ, ಅಗಸೆಯ ಲೆಕ್ಕ ಫ್ಲಾಪಿಯಲ್ಲಿ,
ಫ್ಲಾಪಿ ಕೋಟಿನೊಳಗೆ, ಎದೆಗೆ ಒತ್ತಿ, ಚಳಿ ತಾಗದಂತೆ,
ದಿನಕ್ಕೆ ಐದು ಸಲ.
ಬೆರಳ ತುದಿ ಕತ್ತರಿಸಿದ ಕೈಗವಸಿನಲ್ಲಿ ವಿರ್ವೆ ತೆಗೆದುಕೊಂಡು
ಇನ್ನೂ ಬಿಸಿ ಇದೆ, ಅನ್ನುತ್ತಿದ್ದಳು, ರೊಟ್ಟಿಯೇನೋ ಅನ್ನುವಂತೆ.

ಕೊನೆಗೆ ಹೆಲ್ದುರ್ ಬಾಯ್ಲರ್ ಕೋಣೆಗೆ ಹೋದ. ನಾನೂ ಹೋದೆ.
ಇಬ್ಬರೂ ಒಮ್ಮೆಗೇ ಬಾಯಿ ತೆಗೆದರು,
ಇಬ್ಬರೂ ನಿಲ್ಲಿಸಿದರು,
ಕಾದರು, ಮತ್ತೆ ಒಮ್ಮೆಗೇ ತೆಗೆದರು.
ಯಂತ್ರಗಳಿಗಾದರೆ ಇದಕ್ಕೊಂದು ನಿಯಮವಿದೆ:
ಡಿಕ್ಕಿಯಾದರೆ ಸುಮ್ಮನಾಗು, ನಿನ್ನದೇ ಒಂದು ಹೊತ್ತು ಕಾಯಿ,
ಮತ್ತೂ ಆದರೆ ಇನ್ನೂ ಹೆಚ್ಚು ಕಾಯಿ.
ಹೆಲ್ದುರ್ ಹೆಚ್ಚು ಕಾದ.

ಓಸ್ವಾಲ್ಡ್ ದೀಪ ಎತ್ತಿ ಗೋಡೆ ತೋರಿಸಿದ.
ಸುಣ್ಣ ಬಳಿಯಲು ಬಿಡದ ಗೋಡೆಯ ಮೇಲೆ, ಪೆನ್ಸಿಲಿನಲ್ಲಿ,
ನಲವತ್ತೇಳರಿಂದ ಇಲ್ಲಿಯವರೆಗೆ
ಪ್ರತಿ ಬೆಳಗಿನ ಡಿಗ್ರಿ.
ತಂತಿಗೆ ಎಷ್ಟು ದಪ್ಪದ ತೂತು ಬೇಕು, ಕೇಳಿದ.
ಹೆಲ್ದುರ್ ಕಿರುಬೆರಳು ಎತ್ತಿದ.
ಮುದುಕ ಸಾಲುಗಳ ಮೇಲೆ ಉಗುರು ಆಡಿಸುತ್ತಾ ಹೋದ,
ನಲವತ್ತೆಂಟು, ನಲವತ್ತೊಂಬತ್ತು, ಮಾರ್ಚ್.
ಅಲ್ಲಿ ಆರು ದಿನ ಬರೆದಿರಲಿಲ್ಲ.
ಇಲ್ಲಿ, ಅಂದ.
ನಾವು ಯಾಕೆ ಎಂದು ಕೇಳಲಿಲ್ಲ. ಹೆಲ್ದುರನ ಅಜ್ಜಿಯನ್ನೂ
ಅದೇ ತಿಂಗಳು ರೈಲು ಹತ್ತಿಸಿದ್ದರು.

ಕೈಗಿರಮಿಟ್ಟಿನಲ್ಲಿ ತಾನೇ ಕೊರೆದ, ಸಂಜೆಯವರೆಗೆ.
ಇಪ್ಪತ್ತೆರಡು ಮೀಟರ್ ಸುತ್ತು ಕತ್ತರಿಸಿ ತೆಗೆದೆವು.
ನೂರ ಎಂಬತ್ತೊಂದು. ನಾಲ್ಕು ಉಳಿದೇ ಉಳಿಯಿತು.

ಕೂಲಿ ಬೇಡವೆಂದ. ಮಾತು ಬಂದಾಗ ಹೇಗಿರುತ್ತದೆ, ನೋಡಬೇಕೆಂದ.
ಕುರ್ಚಿ ಎಳೆದು ಕೂರಿಸಿದೆವು, ಏನು ಕೇಳಲಿ ಅಂದೆವು.
ಎಷ್ಟೋ ಹೊತ್ತು ಯೋಚಿಸಿ, ಅಲ್ಲಿ ಎಷ್ಟು ಡಿಗ್ರಿ, ಅಂದ.
ವಿರ್ವೆಯ ಉತ್ತರ ಹಸಿರು ಅಕ್ಷರದಲ್ಲಿ ಬಂತು:
ಸೊನ್ನೆಗಿಂತ ಎರಡು ಕೆಳಗೆ. ನನ್ನ ಫ್ಲಾಪಿ ಎಲ್ಲಿ?

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದುಕೊಂಡು
ಏನೂ ಹೇಳದೆ ಎದ್ದುಹೋದ.
ಮಾರನೆಯ ದಿನ ನೋಡಿದೆ, ತೂತಿನ ಪಕ್ಕದಲ್ಲಿ,
ಮಾರ್ಚಿನ ಖಾಲಿಯಲ್ಲಿ,
ಸಣ್ಣದಾಗಿ: −2.